ಹಾವಿನ ಬುಟ್ಟಿ, ಚೀಸಿನ ಪ್ರಸಾದ: ಎದುರಾಳಿಗಳು ಬರೆದ ಆದಿ ಕ್ರೈಸ್ತ ಪಂಥಗಳ ಕಥೆ

ಸೈಪ್ರಸ್ಸಿನ ಸಲಾಮಿಸ್‌ನಲ್ಲಿ ಬಿಷಪ್ ಆಗಿದ್ದ ಎಪಿಫೇನಿಯಸ್ 370ರ ದಶಕದಲ್ಲಿ 80 ಪಾಷಂಡ ಮತಗಳ ಪಟ್ಟಿಯೊಂದನ್ನು ಬರೆದ. ಬೈಬಲ್ಲಿನ ಪರಮಗೀತೆಯಲ್ಲಿ 80 ಉಪಪತ್ನಿಯರ ಮಾತು ಬರುತ್ತದಲ್ಲ, ಆ ಲೆಕ್ಕ ತುಂಬಿಸಲು ಕ್ರಿಸ್ತನಿಗಿಂತ ಹಿಂದಿನ 20 ಪಂಗಡಗಳನ್ನೂ ಎಳೆದು ತಂದ! ಸಂಖ್ಯೆ ಮೊದಲು, ಸಾಕ್ಷ್ಯ ಆಮೇಲೆ.

ಅವನ ಪ್ರಕಾರ ಓಫೈಟ್ ಎಂಬ ಪಂಥದವರು ಬುಟ್ಟಿಯಿಂದ ಹಾವು ಬಿಟ್ಟು, ಅದು ಹರಿದಾಡಿದ ರೊಟ್ಟಿಯನ್ನೇ ಪ್ರಸಾದವೆಂದು ತಿನ್ನುತ್ತಿದ್ದರು. ಇನ್ನೊಂದು ಪಂಗಡ ರೊಟ್ಟಿಯ ಜೊತೆ ಚೀಸ್ ಇಡುತ್ತಿತ್ತು. ಮತ್ತೆ ಕೆಲವರು ದ್ರಾಕ್ಷಾರಸ ಮುಟ್ಟದೆ ಬರೀ ನೀರಿನಲ್ಲೇ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸವನ್ನು ಕ್ರಿಸ್ತನ ದೇಹ, ರಕ್ತವೆಂದು ಸೇವಿಸುವ ವಿಧಿ) ಮುಗಿಸುತ್ತಿದ್ದರು.

ಎಲ್ಲಕ್ಕಿಂತ ಹೇಸಿಗೆಯ ಆರೋಪ ಬೊರ್ಬೊರೈಟರ ಮೇಲೆ; ಇವರು ಗುಪ್ತಜ್ಞಾನದಿಂದಲೇ ಮುಕ್ತಿ ಎಂದು ನಂಬಿದ ನಾಸ್ಟಿಕರ (ಗ್ನಾಸ್ಟಿಕರ) ಒಂದು ಪಂಗಡ: ವೀರ್ಯ, ಮುಟ್ಟಿನ ರಕ್ತವನ್ನು ಕ್ರಿಸ್ತನ ದೇಹ, ರಕ್ತವೆಂದು ಸೇವಿಸುತ್ತಾರೆ, ಭ್ರೂಣವನ್ನೂ ತಿನ್ನುತ್ತಾರೆ ಎಂದು. ಹರೆಯದಲ್ಲಿ ಈಜಿಪ್ಟಿನಲ್ಲಿದ್ದಾಗ ಆ ಪಂಥದ ಹೆಂಗಸರು ತನ್ನನ್ನು ಸೆಳೆಯಲು ನೋಡಿದರು, ತಾನು ಬಿಷಪ್ಪರಿಗೆ ದೂರು ಕೊಟ್ಟು ಸುಮಾರು 80 ಜನರನ್ನು ಊರು ಬಿಡಿಸಿದೆ ಎಂದೂ ಎಪಿಫೇನಿಯಸ್ ಬರೆಯುತ್ತಾನೆ. ಇಲ್ಲೂ 80!

ನಂಬುವುದೇ? ಕ್ರೈಸ್ತ ಲೇಖಕ ಮಿನೂಸಿಯಸ್ ಫೆಲಿಕ್ಸ್ ಬರೆದ ಸಂವಾದವೊಂದರಲ್ಲಿ ರೋಮನ್ನನೊಬ್ಬ ಇಡೀ ಕ್ರೈಸ್ತರ ಮೇಲೆಯೇ ಶಿಶುಭಕ್ಷಣೆ, ಕತ್ತಲಲ್ಲಿ ಅಗಮ್ಯಗಮನದ ದೂರು ಹೊರಿಸುತ್ತಾನೆ. ತಾವು ಸುಳ್ಳೆಂದು ತಳ್ಳಿಹಾಕಿದ್ದ ಆ ಬಗೆಯ ನಿಂದೆಯನ್ನೇ ಕ್ರೈಸ್ತರು ತಮ್ಮೊಳಗಿನ ಭಿನ್ನಮತೀಯರ ಮೇಲೆ ತಿರುಗಿಸಿದರು. ಆದರೂ ಪೂರ್ತಿ ಕಟ್ಟುಕಥೆ ಎನ್ನಲಾಗದು. 'ಪಿಸ್ತಿಸ್ ಸೋಫಿಯಾ' ನಾಸ್ಟಿಕರದೇ ಗ್ರಂಥ. ವೀರ್ಯ, ಮುಟ್ಟಿನ ರಕ್ತ ಸೇವಿಸುವವರನ್ನು ಅದೂ ಘೋರ ಪಾಪಿಗಳೆಂದು ಶಪಿಸುತ್ತದೆ. ವದಂತಿ ನಾಸ್ಟಿಕರ ಕಿವಿಗೂ ಬಿದ್ದಿತ್ತು, ಇಲ್ಲವೇ ಎಲ್ಲೋ ಒಂದು ಸಣ್ಣ ಗುಂಪು ನಿಜಕ್ಕೂ ಹಾಗೆ ಮಾಡುತ್ತಿತ್ತು.

ಚಿತ್ರ ಬದಲಾದದ್ದು 1945ರಲ್ಲಿ. ದಕ್ಷಿಣ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಈಜಿಪ್ಟಿನ ಹಳೆಯ ಕಾಪ್ಟಿಕ್ ಭಾಷೆಯ 13 ಹಸ್ತಪ್ರತಿಗಳು ಸಿಕ್ಕವು. ಅವುಗಳಲ್ಲಿ ಐವತ್ತಕ್ಕೂ ಹೆಚ್ಚು ಕೃತಿಗಳು, ಬಹುಪಾಲು ನಾಸ್ಟಿಕರವೇ. ಅಲ್ಲಿ ಮೈಮರೆತ ಭೋಗಿಗಳಿಲ್ಲ; ದೇಹವನ್ನೇ ಬಂಧನವೆಂದು ಕಂಡ ವಿರಕ್ತರ ದನಿಯೇ ಹೆಚ್ಚು. ಅಲ್ಲಿನ ಫಿಲಿಪ್ಪನ ಸುವಾರ್ತೆ ಐದು ಸಂಸ್ಕಾರಗಳನ್ನು ಹೆಸರಿಸುತ್ತದೆ: ದೀಕ್ಷಾಸ್ನಾನ, ತೈಲಾಭಿಷೇಕ, ಪ್ರಭುಭೋಜನ, ವಿಮೋಚನೆ, ಮದುವಣಿಗರ ಕೋಣೆ. ಈ ಕೊನೆಯದು ನಿಜವಾದ ವಿಧಿಯೋ, ಆತ್ಮ ತನ್ನ ದೈವೀ ಜೋಡಿಯನ್ನು ಕೂಡುವ ರೂಪಕವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.