ಪದ ಪರಿಚಯ: ಪೆರಿಕಾರ್ಡೈಟಿಸ್

ಹೃದಯವನ್ನು ಸುತ್ತಿಕೊಂಡಿರುವ ಎರಡು ಪದರದ ಚೀಲವೇ ಪೆರಿಕಾರ್ಡಿಯಂ, ಅಂದರೆ ಹೃದಯಾವರಣ. ಪದರಗಳ ನಡುವೆ 15ರಿಂದ 50 ಮಿಲಿಲೀಟರ್ ದ್ರವ ಇರುತ್ತದೆ. ಹೃದಯ ಬಡಿಯುವಾಗ ಅವು ಸಲೀಸಾಗಿ ಜಾರುವುದು ಇದರಿಂದಲೇ. ಚೀಲಕ್ಕೆ ಉರಿಯೂತವಾದರೆ ಪೆರಿಕಾರ್ಡೈಟಿಸ್. ಪದರಗಳು ಉಜ್ಜತೊಡಗುತ್ತವೆ. ಸ್ಟೆತೊಸ್ಕೋಪಿನಲ್ಲಿ ಹೊಸ ಚರ್ಮದ ಚಪ್ಪಲಿಯಂಥ ಕಿರುಗುಟ್ಟುವ ಸದ್ದು ಕೆಲವೊಮ್ಮೆ ಕೇಳಿಸುತ್ತದೆ.

ನೋವು ಎದೆಯ ನಡುವೆ ಚುಚ್ಚುತ್ತದೆ, ಹೆಗಲಿನತ್ತಲೂ ಹರಡಬಹುದು. ಅಂಗಾತ ಮಲಗಿದರೆ, ದೀರ್ಘ ಉಸಿರೆಳೆದರೆ ಜಾಸ್ತಿ. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಕಡಿಮೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಡೊಂಬಿವಲಿಯಿಂದ ಮುಂಬಯಿ ಲೋಕಲ್ ರೈಲು ಹತ್ತುವವರಿದ್ದಾರೆ. ಬಾಗಿದಾಗ ಹಗುರಾಯಿತು, ಹಾಗಾಗಿ ಹಾರ್ಟ್ ಅಟ್ಯಾಕ್ ಅಲ್ಲ ಎಂದು ಮನೆಯಲ್ಲೇ ತೀರ್ಮಾನಿಸುವುದೂ ಅಷ್ಟೇ ಅಪಾಯ. ಇಸಿಜಿ ಆಗಲೇಬೇಕು. ಹಾರ್ಟ್ ಅಟ್ಯಾಕ್‌ನಲ್ಲಿ ಬದಲಾವಣೆ ಸಾಮಾನ್ಯವಾಗಿ ಒಂದು ರಕ್ತನಾಳದ ಭಾಗಕ್ಕೆ ಸೀಮಿತ. ಪೆರಿಕಾರ್ಡೈಟಿಸ್‌ನಲ್ಲಿ ಹೃದಯವನ್ನು ಬೇರೆ ಬೇರೆ ಕೋನದಿಂದ ನೋಡುವ ಬಹುತೇಕ ಎಲ್ಲ ಲೀಡ್‌ಗಳಲ್ಲೂ ಎಸ್‌ಟಿ ಭಾಗ (ಬಡಿತದ ದೊಡ್ಡ ಮೊನೆಯ ನಂತರದ ಗೆರೆ) ಮೇಲೇರುತ್ತದೆ. ದ್ರವ ಎಷ್ಟಿದೆ ಎಂಬುದನ್ನು ಎಕೋ (ಹೃದಯದ ಅಲ್ಟ್ರಾಸೌಂಡ್) ಹೇಳುತ್ತದೆ.

ಹೆಚ್ಚಿನವರಿಗೆ ವೈರಲ್ ಜ್ವರದ ಬೆನ್ನಿಗೇ ಬರುತ್ತದೆ. ಮೂತ್ರಪಿಂಡ ವೈಫಲ್ಯ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗುವ ಕಾಯಿಲೆ), ಹೃದಯದ ಶಸ್ತ್ರಚಿಕಿತ್ಸೆಯೂ ಕಾರಣವಾಗಬಹುದು. ಆದರೆ ಮುಂಬಯಿಯಲ್ಲಿ ಟಿಬಿಯನ್ನು ಮರೆಯುವ ಹಾಗಿಲ್ಲ. ಸಂಜೆ ಜ್ವರ, ತೂಕ ಇಳಿಕೆ, ನಿಧಾನವಾಗಿ ತುಂಬುವ ದ್ರವ ಇದ್ದರೆ ನೋವಿನ ಮಾತ್ರೆ ಸಾಲದು. ಸಾಮಾನ್ಯವಾಗಿ 6 ತಿಂಗಳ ಟಿಬಿ ಔಷಧಿ ಬೇಕು. ಅದು ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ.

ವೈರಲ್ ಬಗೆಗೆ ಸಾಮಾನ್ಯ ಚಿಕಿತ್ಸೆ: ಐಬುಪ್ರೊಫೆನ್ 600 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಹೊಟ್ಟೆ ಕಾಯುವ ಮಾತ್ರೆ, ಒಂದೆರಡು ವಾರದ ನಂತರ ಹಂತಹಂತವಾಗಿ ಇಳಿಕೆ. ಉರಿಯೂತ ಇಳಿಸುವ ಕೊಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೆರಡು, 70 ಕಿಲೋಗಿಂತ ಕಡಿಮೆ ತೂಕದವರಿಗೆ ಒಂದು, 3 ತಿಂಗಳು. ಎಡವಟ್ಟಾಗುವುದು ಇಲ್ಲೇ: ನೋವು ಕೆಲವೇ ದಿನಗಳಲ್ಲಿ ಹೋಗುತ್ತದೆ, ಮಾತ್ರೆಯೂ ಹೋಗುತ್ತದೆ, ಆಮೇಲೆ ಕಾಯಿಲೆ ಮರುಕಳಿಸುತ್ತದೆ. ಕೊಲ್ಚಿಸಿನ್‌ನಿಂದ ಭೇದಿಯಾದರೆ ವೈದ್ಯರಿಗೆ ಹೇಳಿ ಪ್ರಮಾಣ ತಗ್ಗಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು, ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರು ಮೊದಲೇ ತಿಳಿಸಲಿ. ಕೊಲ್ಚಿಸಿನ್ ಮೈಯಲ್ಲಿ ಉಳಿದು ವಿಷವಾಗಬಹುದು. ಸ್ಟಿರಾಯ್ಡ್ ಬೇಗ ಆರಾಮ ಕೊಡುತ್ತದೆ, ಆದರೆ ಮರುಕಳಿಕೆ ಹೆಚ್ಚಿಸುವುದರಿಂದ ಮೊದಲ ಆಯ್ಕೆಯಲ್ಲ. ನೋವು ಹೋಗಿ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಸರಿಹೋಗುವವರೆಗೆ ಜಿಮ್, ಓಟ ಬೇಡ.

ದ್ರವದ ಪ್ರಮಾಣಕ್ಕಿಂತ ಅದು ತುಂಬುವ ವೇಗ ಮುಖ್ಯ. ನಿಧಾನವಾಗಿ ಒಂದು ಲೀಟರ್ ಸೇರಿದರೂ ಚೀಲ ಹಿಗ್ಗಿ ತಾಳಿಕೊಳ್ಳಬಹುದು. ಥಟ್ಟನೆ 200 ಮಿಲಿಲೀಟರ್ ಸೇರಿದರೆ ಹೃದಯ ಹಿಂಡಿಹೋಗುತ್ತದೆ. ಇದು ಟ್ಯಾಂಪೊನೇಡ್. ಉಸಿರು ಸಾಲದಿರುವುದು, ತಲೆಸುತ್ತು, ಕತ್ತಿನ ರಕ್ತನಾಳ ಉಬ್ಬುವುದು, ಬಿಪಿ ಕುಸಿಯುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಸೂಜಿ ಹಾಕಿ ದ್ರವ ತೆಗೆಯಬೇಕಾಗುತ್ತದೆ.