ತನಿಖಾ ವರದಿಗೆ ದುಡ್ಡು ಕೊಡುವವರು ಯಾರು?

2019ರ ನವೆಂಬರ್‌ನಲ್ಲಿ ಹಫ್‌ಪೋಸ್ಟ್ ಇಂಡಿಯಾ ವೆಬ್‌ಸೈಟ್‌ನಲ್ಲಿ ಹೆಸರು ಬಯಲಾಗದೆ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ತಂದಿದ್ದ ಚುನಾವಣಾ ಬಾಂಡ್‌ಗಳ ಬಗ್ಗೆ ಒಂದು ಸರಣಿ ಬಂತು. ಬರೆದವರು ನಿತಿನ್ ಸೇಥಿ. ನಿವೃತ್ತ ನೌಕಾಧಿಕಾರಿ ಲೋಕೇಶ್ ಬಾತ್ರಾ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಹಾಕಿ ಹೊರಗೆ ತೆಗೆಸಿದ್ದ ಕಡತಗಳೇ ಅದಕ್ಕೆ ಆಧಾರ. ರಿಸರ್ವ್ ಬ್ಯಾಂಕ್ ಈ ಯೋಜನೆ ಬೇಡ ಅಂದಿತ್ತು, ಸರ್ಕಾರ ಅದನ್ನು ಪಕ್ಕಕ್ಕಿಟ್ಟು ಮುಂದುವರಿದಿತ್ತು ಅನ್ನೋದು ಗೊತ್ತಾಗಿದ್ದು ಹಾಗೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಿತು. ಆದರೆ ಅಷ್ಟೊತ್ತಿಗೆ ಹಫ್‌ಪೋಸ್ಟ್ ಇಂಡಿಯಾ ಮುಚ್ಚಿ ಮೂರು ವರ್ಷ ದಾಟಿತ್ತು.

ಯಾಕೆ ಮುಚ್ಚಿತು? ಸರಣಿ ಬರುವುದಕ್ಕೆ ಕೆಲವು ತಿಂಗಳ ಮುಂಚೆ, ಡಿಜಿಟಲ್ ಸುದ್ದಿ ಸಂಸ್ಥೆಗಳಲ್ಲಿ ವಿದೇಶಿ ಬಂಡವಾಳ 26%ಗಿಂತ ಜಾಸ್ತಿ ಇರಬಾರದು, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು ಎಂದು ಕೇಂದ್ರ ತೀರ್ಮಾನಿಸಿತ್ತು. 2020ರ ನವೆಂಬರ್‌ನಲ್ಲಿ ಬಜ್‌ಫೀಡ್ ಎಂಬ ಅಮೆರಿಕದ ಕಂಪನಿ ಹಫ್‌ಪೋಸ್ಟನ್ನು ಕೊಂಡಾಗ ಭಾರತದ ಆವೃತ್ತಿಯನ್ನು ತನ್ನ ಜೊತೆ ಒಯ್ಯಲು ಆಗಲಿಲ್ಲ. ಅಲ್ಲಿದ್ದವರ ಕೆಲಸ ಹೋಯಿತು.

ತನಿಖಾ ವರದಿಯ ಕಷ್ಟ ಇರುವುದೇ ಇಲ್ಲಿ. ಬರೆಯುವುದಕ್ಕೆ ಮುಂಚೆಯೇ ದುಡ್ಡು ಬೇಕು. ಒಬ್ಬ ವರದಿಗಾರ ಮೂರು ತಿಂಗಳು ಒಂದೇ ವಿಷಯದ ಬೆನ್ನು ಹತ್ತಿದರೆ ಆ ಮೂರು ತಿಂಗಳ ಸಂಬಳ, ಓಡಾಟದ ಖರ್ಚು, ದಾಖಲೆಗಳ ನಕಲು, ಪ್ರಕಟಿಸುವ ಮೊದಲು ವಕೀಲರಿಗೆ ತೋರಿಸುವ ಖರ್ಚು, ಆಮೇಲೆ ಮಾನನಷ್ಟ ಮೊಕದ್ದಮೆ ಬಿದ್ದರೆ ಅದರ ಖರ್ಚು, ಎಲ್ಲಾ ಸಂಸ್ಥೆಯ ಮೇಲೆಯೇ. ಕೊನೆಗೆ ಏನೂ ಸಿಗದೆ ವರದಿಯನ್ನೇ ಕೈಬಿಡಬೇಕಾಗಿಯೂ ಬರಬಹುದು.

ನಮ್ಮಲ್ಲಿ ಈ ಖರ್ಚನ್ನು ಬಹುಕಾಲ ಹೊತ್ತದ್ದು ಜಾಹೀರಾತು. ಅದರ ಹಿಂದೆ ಒಂದು ಮರೆತುಹೋದ ಕೋರ್ಟ್ ಕೇಸಿದೆ. ಇಷ್ಟು ಪುಟಕ್ಕೆ ಇಷ್ಟು ಬೆಲೆ ಇಡಬೇಕು, ಆಗ ದೊಡ್ಡ ಪತ್ರಿಕೆಗಳು ಜಾಹೀರಾತಿನ ಬಲದಲ್ಲಿ ಬೆಲೆ ಇಳಿಸಿ ಚಿಕ್ಕವನ್ನು ಮುಗಿಸುವುದು ತಪ್ಪುತ್ತದೆ ಎಂದು 1956ರಲ್ಲಿ ಕಾನೂನು ಮಾಡಿದ್ದರು. ಪುಣೆಯ ಸಕಾಳ್ ಪತ್ರಿಕೆ ಕೋರ್ಟಿಗೆ ಹೋಯಿತು. ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ತೀರ್ಪು ಸರಿಯೇ ಇತ್ತು ಅನ್ನೋದು ನನ್ನ ಅಭಿಪ್ರಾಯ. ಪತ್ರಿಕೆ ಎಷ್ಟು ಪುಟ ಹಾಕಬೇಕು ಅಂತ ಸರ್ಕಾರ ಹೇಳಬಾರದು. ಆದರೆ ಆ ಕಾನೂನು ಮಾಡಿದವರ ಭಯವೂ ಸುಳ್ಳಾಗಲಿಲ್ಲ. ಇವತ್ತಿಗೂ ಪತ್ರಿಕೆಯನ್ನು ಕಾಗದ, ಮುದ್ರಣದ ಖರ್ಚಿಗಿಂತ ಕಡಿಮೆ ಬೆಲೆಗೆ ನಾವು ಕೊಳ್ಳುತ್ತೇವೆ. ಉಳಿದದ್ದನ್ನು ಕೊಡುವುದು ಜಾಹೀರಾತುದಾರರು ಮತ್ತು ಸರ್ಕಾರ. ತನಿಖೆ ನಡೆಯಬೇಕಾದ್ದು ಹೆಚ್ಚಾಗಿ ಇವರಿಬ್ಬರ ಮೇಲೆಯೇ ಅಲ್ವಾ? 2009ರ ಚುನಾವಣೆ ಹೊತ್ತಿಗೆ ಇದು ಕಾಸಿಗಾಗಿ ಸುದ್ದಿಯ, ಅಂದರೆ ದುಡ್ಡು ತೆಗೆದುಕೊಂಡು ಜಾಹೀರಾತನ್ನೇ ಸುದ್ದಿಯ ಹಾಗೆ ಹಾಕುವ ಮಟ್ಟಕ್ಕೆ ಇಳಿಯಿತು. ಪತ್ರಿಕೆಗಳ ನಡವಳಿಕೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್‌ನ ಉಪಸಮಿತಿ ಅದರ ಮೇಲೆ ವರದಿ ಬರೆದಾಗ ಕೌನ್ಸಿಲ್ ಮೊದಲು ಪೂರ್ತಿ ವರದಿಯನ್ನು ಹೊರಗೇ ಬಿಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದವರಿದ್ದರು, ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. 1980ರಲ್ಲಿ ಪಿ. ಲಂಕೇಶ್ ತಮ್ಮ ವಾರಪತ್ರಿಕೆಯನ್ನು ಜಾಹೀರಾತೇ ಇಲ್ಲದೆ ಶುರುಮಾಡಿದರು. ಸಾದಾ ನ್ಯೂಸ್‌ಪ್ರಿಂಟ್, ಕಪ್ಪು ಬಿಳುಪು, ಅಂಗಡಿಯಲ್ಲಿ ಮಾರಾಟವಾದ ಪ್ರತಿಗಳಿಂದ ಬಂದದ್ದೇ ಆದಾಯ. ಅಂಥ ಪತ್ರಿಕೆ ಗುಂಡೂರಾವ್ ಸರ್ಕಾರವನ್ನು ವಾರವಾರವೂ ಎದುರು ಹಾಕಿಕೊಂಡಿತು. ಜಾಹೀರಾತು ನಿಲ್ಲಿಸುತ್ತೇವೆ ಅಂತ ಹೆದರಿಸಲು ಯಾರ ಕೈಯಲ್ಲೂ ಆಗುತ್ತಿರಲಿಲ್ಲ, ಇದ್ದರೆ ತಾನೇ ನಿಲ್ಲಿಸೋದು.

1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟಿ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ಪ್ರಜಾವಾಣಿ ಬಿಟ್ಟು ಬಂದು, ಜನರಿಂದಲೇ ಷೇರು ಹಣ ಎತ್ತಿ, ಓದುಗರ ಒಡೆತನದ ಪತ್ರಿಕೆ ಎಂದು ಮುಂಗಾರು ದಿನಪತ್ರಿಕೆ ತಂದರು. ಹಿಂದುಳಿದವರ, ದಲಿತರ ಸುದ್ದಿ ಅಲ್ಲಿ ಮುಖಪುಟಕ್ಕೆ ಬಂತು. ಒಂದು ತಲೆಮಾರಿನ ಒಳ್ಳೆಯ ಪತ್ರಕರ್ತರು ಅಲ್ಲಿ ತಯಾರಾದರು. ಆದರೆ ದಿನಪತ್ರಿಕೆಯ ಖರ್ಚು ವಾರಪತ್ರಿಕೆಯ ಹಾಗಲ್ಲ. ಪ್ರತಿ ರಾತ್ರಿ ಮುದ್ರಣ, ಬೆಳಗಾಗುವುದರೊಳಗೆ ಸಾಗಾಟ, ತಿಂಗಳು ತಿಂಗಳು ಸಂಬಳ. ಮುಂಗಾರು ಹಣದ ಕಷ್ಟದಲ್ಲೇ ನಡೆದು ಕೊನೆಗೆ ನಿಂತುಹೋಯಿತು. ಶುರುವಿಗೆ ಬಂಡವಾಳ ಕೊಟ್ಟ ಜನರಿದ್ದರು. ವರ್ಷ ವರ್ಷವೂ ಹಣ ಬರುವ ವ್ಯವಸ್ಥೆ ಇರಲಿಲ್ಲ. ಮುಂಗಾರಿನ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದೇ, ಯಾಕಂದರೆ ಈಗಲೂ ಹೊಸ ಸುದ್ದಿ ಸಂಸ್ಥೆ ಶುರುವಾದಾಗ ನಾವು ಸಂಭ್ರಮದಿಂದ ಒಮ್ಮೆ ದುಡ್ಡು ಕಳಿಸಿ ಸುಮ್ನಾಗುತ್ತೇವೆ.

ಗೌರಿ ಲಂಕೇಶ್ 2005ರಲ್ಲಿ ತಮ್ಮದೇ ಪತ್ರಿಕೆ ತಂದಾಗ ಅಪ್ಪನ ದಾರಿಯನ್ನೇ ಹಿಡಿದರು. ಅವರೂ ಜಾಹೀರಾತು ಹಾಕಲಿಲ್ಲ. ಮಾನನಷ್ಟ ಪ್ರಕರಣವೊಂದರಲ್ಲಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ಕೋರ್ಟ್ ಅವರಿಗೆ ಆರು ತಿಂಗಳ ಶಿಕ್ಷೆ ಕೊಟ್ಟಿತು. 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಅವರ ಕೊಲೆಯಾಯಿತು.

ಇನ್ನು ದೇಣಿಗೆಯ ದಾರಿ. ಅಮೆರಿಕದಲ್ಲಿ 2008ರಲ್ಲಿ ಪ್ರೊಪಬ್ಲಿಕಾ ಎಂಬ ಸಂಸ್ಥೆ ಸ್ಯಾಂಡ್ಲರ್ ಕುಟುಂಬದ ದೇಣಿಗೆಯಿಂದ ವರದಿ ಪ್ರಕಟಿಸಲು ಶುರುಮಾಡಿತು. ಎರಡೇ ವರ್ಷಕ್ಕೆ ಅಲ್ಲಿನ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಅಲ್ಲಿನ ತೆರಿಗೆ ಕಾನೂನಿನಲ್ಲಿ ಲಾಭರಹಿತ ಸುದ್ದಿ ಸಂಸ್ಥೆಗೆ ಜಾಗವಿದೆ. ನಮ್ಮಲ್ಲಿ 2015ರಲ್ಲಿ ಬೆಂಗಳೂರಿನಲ್ಲೇ ಸ್ವತಂತ್ರ ಮತ್ತು ಸಾರ್ವಜನಿಕ ಹಿತಾಸಕ್ತಿಯ ಮಾಧ್ಯಮಕ್ಕೆ ಅನುದಾನ ಕೊಡಲು ಐಪಿಎಸ್‌ಎಂಎಫ್ ಎಂಬ ಪ್ರತಿಷ್ಠಾನ ಹುಟ್ಟಿತು. ಅಜೀಂ ಪ್ರೇಮ್‌ಜಿ, ರೋಹಿಣಿ ನಿಲೇಕಣಿಯಂಥವರು ಬೆಂಬಲಕ್ಕೆ ನಿಂತರು. ವಿದೇಶದ ದುಡ್ಡು ಬೇಡ, ಇಲ್ಲಿನವರದೇ ಇರಲಿ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅದರ ಕಚೇರಿಗೂ ಆದಾಯ ತೆರಿಗೆ ಅಧಿಕಾರಿಗಳು ಸಮೀಕ್ಷೆ ಅಂತ ಲೆಕ್ಕಪತ್ರ ನೋಡಲು ಬಂದರು.

ವಿದೇಶಿ ದೇಣಿಗೆಯ ಬಾಗಿಲು ಮೊದಲೇ ಮುಚ್ಚಿತ್ತು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ ಬಂದ ಕಾನೂನೇ ಪತ್ರಿಕೆಗಳ ಸಂಪಾದಕರು, ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು ವಿದೇಶಿ ದೇಣಿಗೆ ಪಡೆಯಬಾರದು ಎಂದಿತ್ತು. 2010ರ ಹೊಸ ಕಾನೂನು ಅದನ್ನು ಉಳಿಸಿಕೊಂಡು ಎಲೆಕ್ಟ್ರಾನಿಕ್ ಮಾಧ್ಯಮಕ್ಕೂ ಹಬ್ಬಿಸಿತು.

ಈಗ ಒಳಗಿನ ದಾರಿಯೂ ಕಿರಿದಾಗುತ್ತಿದೆ. ಚುನಾವಣಾ ಬಾಂಡ್ ಸರಣಿ ಬರೆದ ನಿತಿನ್ ಸೇಥಿ ಮುಂದೆ ರಿಪೋರ್ಟರ್ಸ್ ಕಲೆಕ್ಟಿವ್ ಎಂಬ ತಂಡ ಕಟ್ಟಿದರು. ತಮ್ಮ ಲಾಭರಹಿತ ಮಾನ್ಯತೆಯನ್ನು ಆದಾಯ ತೆರಿಗೆ ಇಲಾಖೆ ರದ್ದು ಮಾಡಿದೆ, ಪತ್ರಿಕೋದ್ಯಮದಿಂದ ಸಾರ್ವಜನಿಕ ಉದ್ದೇಶ ಈಡೇರುವುದಿಲ್ಲ ಅನ್ನುವುದು ಅದರ ವಾದ ಎಂದು ಆ ತಂಡ 2025ರ ಜನವರಿಯಲ್ಲಿ ಹೇಳಿತು. ಅದೇ ಸುಮಾರಿಗೆ ಕನ್ನಡದ ದಿ ಫೈಲ್‌ನ ಮಾನ್ಯತೆಯೂ ಹೋಯಿತು. ಜಿ. ಮಹಾಂತೇಶ್ ನಡೆಸುವ ಈ ಜಾಲತಾಣದ ಕೆಲಸವೇ ವಿಧಾನಸೌಧದ ಕಡತಗಳನ್ನು ಓದಿ, ಅದರಲ್ಲಿರುವುದನ್ನು ಜನರ ಮುಂದಿಡುವುದು. ಯಾವ ಪಕ್ಷದ ಸರ್ಕಾರ ಇದ್ದರೂ ಅಷ್ಟೇ.

ಆದಾಯ ತೆರಿಗೆ ಕಾಯ್ದೆಯಲ್ಲಿ ಧರ್ಮಾರ್ಥ ಉದ್ದೇಶ ಅಂದರೆ ಏನು ಅನ್ನೋ ಪಟ್ಟಿ ಇದೆ. ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ, ಸ್ಮಾರಕಗಳ ರಕ್ಷಣೆ. 2015ರಲ್ಲಿ ಯೋಗವನ್ನೂ ಸೇರಿಸಿದರು. ಪತ್ರಿಕೋದ್ಯಮದ ಹೆಸರಿಲ್ಲ. ಹಾಗಾಗಿ ಸುದ್ದಿ ಸಂಸ್ಥೆಗಳು ಕೊನೆಯಲ್ಲಿರುವ ಇತರ ಸಾರ್ವಜನಿಕ ಉಪಯೋಗ ಎಂಬ ಸಾಲನ್ನೇ ನಂಬಿಕೊಂಡಿರಬೇಕು, ಆ ಸಾಲಿಗೆ ಏನು ಅರ್ಥ ಅಂತ ಮೊದಲು ಹೇಳುವವನು ಅಧಿಕಾರಿ. ಮಾನ್ಯತೆ ಹೋದರೆ ಬಂದ ದೇಣಿಗೆಗೂ ತೆರಿಗೆ ಬೀಳುತ್ತದೆ, ಕೊಡುವವರೂ ಹಿಂದೆ ಸರಿಯುತ್ತಾರೆ.

ಹಾಗಾಗಿ ಕೇಳಬೇಕಾದ್ದನ್ನು ಸ್ಪಷ್ಟವಾಗಿ ಕೇಳೋಣ. ಯೋಗವನ್ನು ಸೇರಿಸಿದ ಹಾಗೆ ಲಾಭರಹಿತ ಪತ್ರಿಕೋದ್ಯಮವನ್ನೂ ಹೆಸರು ಹೇಳಿ ಆ ಪಟ್ಟಿಗೆ ಸೇರಿಸಬೇಕು. ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂದು ಸಂಸ್ಥೆಗಳು ಬಹಿರಂಗವಾಗಿ ಹಾಕಬೇಕು ಅನ್ನುವ ಷರತ್ತು ಇದ್ದರೆ ಒಳ್ಳೆಯದೇ. ರಾಜ್ಯ ಸರ್ಕಾರದಿಂದ ನನಗೆ ಅನುದಾನ ಬೇಡ, ಯಾವ ಮಾಧ್ಯಮಕ್ಕೆ ಎಷ್ಟು ಜಾಹೀರಾತು ಕೊಟ್ಟಿತು ಎಂಬ ಲೆಕ್ಕವನ್ನು ವಾರ್ತಾ ಇಲಾಖೆ ಯಾರೂ ಅರ್ಜಿ ಹಾಕದೆಯೇ ಪ್ರತಿ ತಿಂಗಳು ಪ್ರಕಟಿಸಿದರೆ ಸಾಕು. ಬೆಂಗಳೂರಿನಲ್ಲಿ ದುಡ್ಡಿರುವವರು, ಹೊರದೇಶದಿಂದ ವಾಪಸ್ ಬಂದು ಇಲ್ಲಿ ಕಂಪನಿ ಕಟ್ಟಿರುವ ಕನ್ನಡಿಗರು, ಶಾಲೆಗೆ, ಕೆರೆಗೆ ಕೊಡುವ ಹಾಗೆ ಜಿಲ್ಲೆಗೊಬ್ಬ ತನಿಖಾ ವರದಿಗಾರನ ಎರಡು ವರ್ಷದ ಸಂಬಳಕ್ಕೆ ಕೊಡಬಹುದು, ಏನು ಬರೆಯಬೇಕು ಅಂತ ಕೇಳದೆ. ಮತ್ತೆ ನಮ್ಮಂಥ ಓದುಗರು ಒಂದು ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ 100 ರೂಪಾಯಿ ತಾನಾಗಿಯೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಟ್ಟರೆ, ಸಂಪಾದಕ ಮುಂದಿನ ತಿಂಗಳ ಸಂಬಳದ ಲೆಕ್ಕ ಇವತ್ತೇ ಹಾಕಬಹುದು.