ಪುರಾಣದ ಲೋಕಕ್ಕೆ ಆಟದ ನಕ್ಷೆ: ಅಳತೆ ಕೂಡಿಬರದಿದ್ದರೆ ಏನು ಮಾಡುವುದು?

ಪ್ರಶ್ನೆ: ಗೆಳೆಯರ ಗುಂಪಿಗೆ ಟೇಬಲ್‌ಟಾಪ್ ರೋಲ್‌ಪ್ಲೇ ಆಟ (ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ನಡೆಸುತ್ತೇನೆ. ಈ ಸಲ ನಮ್ಮ ಪುರಾಣದ ಲೋಕದಲ್ಲೇ ಕಥೆ ನಡೆಯಲಿ ಎಂದು ಎಲ್ಲರಿಗೂ ಆಸೆ. ಜಂಬೂದ್ವೀಪ, ಏಳು ಕಡಲು, ಹದಿನಾಲ್ಕು ಲೋಕ ಎಂದು ಬಿಡಿಸಲು ಕೂತರೆ ಸ್ಕೇಲೇ ಹೊಂದುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸ್ಕೇಲ್ ಹೊಂದುವುದಿಲ್ಲ. ಒಮ್ಮೆ ಕೂತು ಲೆಕ್ಕ ಹಾಕಿದರೆ ಆ ಹುಡುಕಾಟವನ್ನು ನೀವೇ ಬಿಡುತ್ತೀರಿ. ವಿಷ್ಣುಪುರಾಣದಲ್ಲಿ ಜಂಬೂದ್ವೀಪದ ಅಗಲ 1 ಲಕ್ಷ ಯೋಜನ (ಯೋಜನ ಎಂದರೆ ಹಳೆಯ ಕಾಲದ ದೂರದ ಅಳತೆ). ಸುತ್ತಲೂ ಅಷ್ಟೇ ಅಗಲದ ಉಪ್ಪಿನ ಕಡಲು. ಆಚೆಗೆ ಬಳೆಯ ಸುತ್ತ ಬಳೆ ಇಟ್ಟಂತೆ ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ. ಒಂದೊಂದೂ ಹಿಂದಿನದರ ಎರಡರಷ್ಟು. ಅವುಗಳ ಸುತ್ತ ಕಬ್ಬಿನ ರಸ, ಸುರೆ, ತುಪ್ಪ, ಮೊಸರು, ಹಾಲು, ಕೊನೆಗೆ ಸಿಹಿನೀರಿನ ಕಡಲು. ಜಂಬೂದ್ವೀಪವನ್ನು 1 ಸೆಂಟಿಮೀಟರಿಗೆ ಇಳಿಸಿದರೂ ಸಿಹಿನೀರು ಮುಗಿಯುವ ಹೊತ್ತಿಗೆ ಹಾಳೆ 5 ಮೀಟರ್ ದಾಟಿರುತ್ತದೆ. ನಡುವಿನ ಮೇರು 84,000 ಯೋಜನ ಎತ್ತರ. ಬುಡದಲ್ಲಿ 16,000 ಅಗಲವಾದರೆ ನೆತ್ತಿಯಲ್ಲಿ 32,000. ಯಾವ ಬೆಟ್ಟವೂ ಹಾಗಿರುವುದಿಲ್ಲ, ಕಮಲದ ನಡುವಿನ ಕರ್ಣಿಕೆ ಹಾಗಿರುತ್ತದೆ. ಇದು ಹೂವಿನ ಚಿತ್ರ, ಸರ್ವೆ ನಕ್ಷೆಯಲ್ಲ.

ಹಾಗಾದರೆ ಪುರಾಣದಲ್ಲಿ ಒಂದು ಜಾಗ ಇನ್ನೊಂದರಿಂದ ಬೇರೆಯಾಗುವುದು ಯಾವುದರಿಂದ? ನನ್ನ ಮಟ್ಟಿಗೆ ಉತ್ತರ ಒಂದೇ: ಅದರ ಕಟ್ಟಳೆಯಿಂದ. ಯಾರು ಒಳಗೆ ಬರಬಾರದು, ಬಂದವರಿಗೆ ಏನಾಗುತ್ತದೆ, ಹೊರಗೆ ಹೋಗುವ ದಾರಿ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ಬರೆಯಿರಿ. ಬೆಟ್ಟ, ಹೊಳೆ, ಕಾಡು ಆಮೇಲೆ ಬರಲಿ.

ಏಳು ದ್ವೀಪ ಬಿಟ್ಟು ಕಿಷ್ಕಿಂಧೆಯಿಂದ ಶುರು ಮಾಡಿ ಎನ್ನುತ್ತೇನೆ. ಹಂಪಿ, ಆನೆಗೊಂದಿಯ ಸುತ್ತಮುತ್ತಲೇ ಕಿಷ್ಕಿಂಧೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ತುಂಗಭದ್ರೆ, ಮಾತಂಗ ಪರ್ವತ, ಅಂಜನಾದ್ರಿ, ಪಂಪಾ ಸರೋವರ ಎಲ್ಲವೂ ಒಂದು ದಿನದ ಓಡಾಟದಲ್ಲಿ ಸಿಗುತ್ತವೆ. ಒಂದು ಹಾಳೆಗೆ ಸಲೀಸಾಗಿ ಹಿಡಿಯುತ್ತದೆ.

ಈಗ ಋಷ್ಯಮೂಕವನ್ನು ನೋಡಿ. ಕೋಣದ ರೂಪದ ದುಂದುಭಿಯನ್ನು ಕೊಂದ ವಾಲಿ ಅದರ ಹೆಣವನ್ನು ಎತ್ತಿ ಬೀಸಿ ಒಗೆಯುತ್ತಾನೆ. ರಕ್ತದ ಹನಿಗಳು ಗಾಳಿಗೆ ಹಾರಿ ಮತಂಗ ಮುನಿಯ ಆಶ್ರಮದಲ್ಲಿ ಬೀಳುತ್ತವೆ. ಇದನ್ನು ಎಸೆದವನು ಇಲ್ಲಿ ಕಾಲಿಟ್ಟರೆ ಸಾಯಲಿ, ಅವನ ಕಡೆಯ ಕಪಿಗಳು ನಾಳೆಯಿಂದ ಕಣ್ಣಿಗೆ ಬಿದ್ದರೆ ಸಾವಿರಾರು ವರ್ಷ ಕಲ್ಲಾಗಲಿ ಎಂದು ಮುನಿ ಶಪಿಸುತ್ತಾನೆ. (ಹಂಪಿಯಲ್ಲಿ ಬಂಡೆಯ ಮೇಲೆ ಬಂಡೆ ಕೂತಿರುವುದನ್ನು ಕಂಡವರಿಗೆ ಈ ಮಾತು ಮೈ ಜುಂ ಎನಿಸುತ್ತದೆ.) ಮುಂದೆ ವಾಲಿ ಅಟ್ಟಿದಾಗ ಇಡೀ ಭೂಮಿಯಲ್ಲಿ ತಮ್ಮ ಸುಗ್ರೀವನಿಗೆ ನೆಮ್ಮದಿಯಾಗಿ ನಿದ್ದೆ ಮಾಡಲು ಇರುವುದು ಅದೊಂದೇ ಬೆಟ್ಟ. ಆದರೂ ಬಿಲ್ಲು ಹಿಡಿದ ಇಬ್ಬರು ಅಪರಿಚಿತರು ಬರುವುದು ಕಂಡಾಗ ಅವನ ಎದೆ ನಡುಗುತ್ತದೆ. ವಾಲಿ ತಾನು ಬರಲಾರ, ಆದರೆ ಬೇರೆ ಯಾರನ್ನಾದರೂ ಕಳಿಸಬಹುದಲ್ಲ! ಕಟ್ಟಳೆಯಲ್ಲಿ ಹೀಗೊಂದು ಸಂದು ಇದ್ದುದರಿಂದಲೇ ಹನುಮಂತ ಭಿಕ್ಷುವಿನ ವೇಷದಲ್ಲಿ ಕೆಳಗಿಳಿದು ರಾಮಲಕ್ಷ್ಮಣರನ್ನು ಮಾತಾಡಿಸಬೇಕಾಯಿತು. ನಿಮ್ಮ ನಕ್ಷೆಯಲ್ಲೂ ಪ್ರತಿ ಗಡಿಗೆ ಒಂದು ಸಂದು ಇಡಿ. ಆಡುವವರು ಅದನ್ನು ತಾವಾಗಿಯೇ ಹುಡುಕುತ್ತಾರೆ.

ನಾನು ಮೊದಲ ಸಲ ಆರು ಮೂಲೆಯ ಮನೆಗಳಿರುವ ದೊಡ್ಡ ಹಾಳೆಯ ತುಂಬ ಕಾಡು ಬೆಟ್ಟ ಬಿಡಿಸಿದ್ದೆ. ದಿನಕ್ಕೆ ನಾಲ್ಕು ಮನೆ ಎಂದು ಎಣಿಸಿಕೊಂಡು ಎಲ್ಲರೂ ನಡೆದರು. ಇದು ಯಾವ ಊರು ಎಂದು ಕೂಡ ಯಾರೂ ಕೇಳಲಿಲ್ಲ. ಮುಂದಿನ ಸಲ ಖಾಲಿ ಹಾಳೆಯಲ್ಲಿ ಒಂದು ಬೆಟ್ಟ ಬಿಡಿಸಿ ಸುತ್ತ ಕೆಂಪು ಗೆರೆ ಎಳೆದೆ. ನಮ್ಮಲ್ಲಿ ಒಬ್ಬರು ಈ ಗೆರೆ ದಾಟಲಾರರು ಎಂದಷ್ಟೇ ಹೇಳಿದೆ. ಆ ಒಬ್ಬರು ಯಾರು ಎಂಬ ಮಾತಿನಲ್ಲೇ ಸಂಜೆ ಕಳೆಯಿತು. ಡೈಸ್ ಎಸೆದದ್ದು ಎರಡೇ ಸಲ.

ಗುಹೆ ಬೇಕಿದ್ದರೆ ಸ್ವಯಂಪ್ರಭೆಯ ಗುಹೆಗಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಸೀತೆಯನ್ನು ಹುಡುಕುತ್ತ ದಕ್ಷಿಣಕ್ಕೆ ಹೋದ ಅಂಗದ, ಹನುಮಂತ ಮೊದಲಾದವರು ಬಾಯಾರಿ ಸೊರಗಿದಾಗ, ಒಂದು ಬಿಲದೊಳಗಿಂದ ಹಕ್ಕಿಗಳು ಹೊರಗೆ ಹಾರುತ್ತವೆ. ರೆಕ್ಕೆ ಒದ್ದೆ, ಮೈಗೆ ತಾವರೆಯ ಪರಾಗ. ಒಳಗೆ ನೀರಿದೆ ಎಂದು ಯಾರೂ ಹೇಳಬೇಕಿಲ್ಲ. ಗೇಮ್ ಮಾಸ್ಟರ್ (ಆಟ ನಡೆಸುವವರು) ಕೊಡಬೇಕಾದ ಸುಳಿವು ಎಂದರೆ ಇದು. ಒಳಗೆ ಮಯ ಕಟ್ಟಿದ ಚಿನ್ನದ ಮನೆಗಳು, ಹಣ್ಣು, ಜೇನು ಎಲ್ಲ ಇವೆ. ಆದರೆ ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ಅಲ್ಲೇ ಕಳೆದುಹೋಗುತ್ತದೆ, ಒಳಹೊಕ್ಕವರು ಜೀವಸಹಿತ ಹೊರಬರುವುದೂ ಕಷ್ಟ. ಗುಹೆ ಕಾಯುವ ತಪಸ್ವಿನಿ ಸ್ವಯಂಪ್ರಭೆ ಹೇಳಿದಂತೆ ಕಪಿಗಳೆಲ್ಲ ಬೆರಳಿನಿಂದ ಕಣ್ಣು ಮುಚ್ಚಿಕೊಳ್ಳುತ್ತವೆ, ತೆರೆದಾಗ ಹೊರಗಿರುತ್ತವೆ. ಅಂದರೆ ಹೊರಡುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಲು ಬರುವುದೇ ಇಲ್ಲ.

ಹದಿನಾಲ್ಕು ಲೋಕಗಳನ್ನು ಮಾತ್ರ ಮೇಲಿನಿಂದ ನೋಡಿದಂತೆ ಬಿಡಿಸಬೇಡಿ, ಮಹಡಿಗಳಂತೆ ಪಕ್ಕದಿಂದ ಬಿಡಿಸಿ. ವೈಕುಂಠ ಏಕಾದಶಿಯ ಜಾಗರಣೆಗೆ ಮನೆಗಳಲ್ಲಿ ಹರಡುವ ಪರಮಪದ ಸೋಪಾನದ ಪಟ ಇದೇ ಕ್ರಮದ್ದು: ಕೆಳಗಿನಿಂದ ಮೇಲಕ್ಕೆ ಲೋಕಗಳು, ನಡುವೆ ಏಣಿ ಮತ್ತು ಹಾವು. ಏಣಿ ಹತ್ತಿದವರು ಏನು ತೆರಬೇಕು ಎಂಬುದಕ್ಕೆ ಭಾಗವತದ ಕಕುದ್ಮಿ ರಾಜನ ಕಥೆ ಸಾಕು. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿನ ಸಂಗೀತ ಮುಗಿಯಲೆಂದು ಕೊಂಚ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು.

ಇನ್ನೊಂದು ವಿಚಾರವನ್ನು ಆಟಕ್ಕೆ ಮುಂಚೆಯೇ ಗುಂಪಿನಲ್ಲಿ ಮಾತಾಡಿಕೊಳ್ಳಿ. ಇವು ಇಂದಿಗೂ ಜನ ಕೈಮುಗಿಯುವ ಹೆಸರುಗಳು. ದೇವರಿಗೆ ಬಲಾಬಲದ ಅಂಕ ಕೊಟ್ಟು ಹೊಡೆದಾಟಕ್ಕೆ ಇಳಿಸುವುದು ನನಗೆ ಸರಿ ಕಾಣದು. ವಾನರರು, ಯಕ್ಷರು, ನಾಗರು, ಶಾಪಗ್ರಸ್ತ ಗಂಧರ್ವರು ಇದ್ದರೆ ಎಷ್ಟು ಬೇಕಾದರೂ ಆಡಬಹುದು.

ಕೊನೆಗೆ, ನಕ್ಷೆಯನ್ನು ಯಾರ ಬಾಯಲ್ಲಿ ಹೇಳಿಸುತ್ತೀರಿ? ಕಪಿಗಳನ್ನು ನಾಲ್ಕು ದಿಕ್ಕಿಗೆ ಕಳಿಸುವಾಗ ಸುಗ್ರೀವ ಭೂಮಂಡಲವನ್ನೆಲ್ಲ ಬಾಯಲ್ಲೇ ಬಿಡಿಸುತ್ತಾನೆ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ರಾಮ ಕೇಳಿದಾಗ ಸಿಗುವ ಉತ್ತರ: ವಾಲಿ ಅಟ್ಟಿಸಿಕೊಂಡು ಬಂದಾಗ ಓಡಿ ಓಡಿ ನೋಡಿದ್ದೇನೆ. ನಿಮ್ಮ ಲೋಕದ ನಕ್ಷೆಯನ್ನೂ ಹಾಗೆ ಓಡಿ ಬಂದ ಒಬ್ಬ ಪಾತ್ರದ ಕೈಗೆ ಕೊಡಿ. ಅವನು ಅಡಗಿದ್ದ ಜಾಗಗಳು ದೊಡ್ಡದಾಗಿ ಕಾಣಲಿ, ಉಸಿರು ಬಿಗಿಹಿಡಿದು ದಾಟಿದ್ದು ಬರೀ ಗೆರೆಯಾಗಲಿ. ಅಂಚಿಗೆ ಬಂದಾಗ ಸುಗ್ರೀವ ಹೇಳಿದ್ದನ್ನೇ ಬರೆದು ಆಚೆಯ ಜಾಗ ಖಾಲಿ ಬಿಡಿ: ಅಲ್ಲಿ ಸೂರ್ಯನಿಲ್ಲ, ಎಲ್ಲೆಯಿಲ್ಲ, ಅದರಾಚೆ ನಮಗೆ ತಿಳಿಯದು.